ನಾಗರತ್ನ ಟೀಚರ್ ಚಾಚಿದ ಅಂಗೈ

ನಾವು ನಮಸ್ಕಾರ ಮಾಡಿದರೆ ನಾಗರತ್ನ ಟೀಚರ್ ತಿರುಗಿ ನಮಸ್ಕಾರ ಮಾಡುತ್ತಿರಲಿಲ್ಲ, ಅಂಗೈ ಚಾಚುತ್ತಿದ್ದರು. "ಗುಳಿಗಿ ಇದ್ರ ಇಲ್ಲಿ ಇಡು." ಸಿಂಧನೂರಿನ ನಮ್ಮ ಶಾಲೆಯಲ್ಲಿ ಖೊಖೊ ಕಲಿಸುತ್ತಿದ್ದ ಅವರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು 'ಜಪ್ತಿ ಟೀಚರ್'.

ನಮ್ಮ ಕಡೆ ಅನ್ನ ಚೆಲ್ಲುವುದಿಲ್ಲ, ಗುಳಿಗೆಯನ್ನೂ ಚೆಲ್ಲುವುದಿಲ್ಲ. ಅಜ್ಜಿಯ ಸೊಂಟಕ್ಕೆ ಡಾಕ್ಟರು ಬರೆದದ್ದು ಉಳಿದರೆ ಗೋಡೆಯ ಗೂಡಿನಲ್ಲಿಟ್ಟು, ಯಾರಿಗೆ ನೋವಾದರೂ ಪ್ರೀತಿಯಿಂದ ಕೊಡುವುದೇ. ಟೀಚರ್ ಸಿಡುಕುತ್ತಿದ್ದರು: "ಮಂದಿ ಚಪ್ಪಲ್ ಹಾಕ್ಕೊಂಡ್ರ ಕಾಲು ಕಚ್ಚತೈತಿ. ಮಂದಿ ಗುಳಿಗಿ ನುಂಗಿದ್ರ ಜೀವಾನ ಕಚ್ಚತೈತಿ."

ಲಿಂಗಸುಗೂರಿನ ಪಂದ್ಯದಲ್ಲಿ ನನ್ನ ಮೊಣಕಾಲು ಹೊರಳಿ ಊದಿಕೊಂಡಿತು. ಮರುದಿನ ಫೈನಲ್. ಅವ್ವ ತನ್ನ ಆಪರೇಷನ್ ಆದಾಗ ಉಳಿದ ನೋವಿನ ಗುಳಿಗೆಗಳನ್ನು ಊರಿಂದ ಹೊರಡುವಾಗಲೇ ಕರವಸ್ತ್ರದ ತುದಿಗೆ ಕಟ್ಟಿಕೊಟ್ಟಿದ್ದಳು. ಅಂಗೈ ಬಂತು. ಗಂಟೂ ಹೋಯಿತು, ತಂಡದಿಂದ ನನ್ನ ಹೆಸರೂ ಹೋಯಿತು.

"ನೋವು ನಂದ್ರಿ, ಆಡಾಕಿ ನಾನು. ನಿಮಗೇನ್ರಿ?" ಎಂದು ಎಲ್ಲರೆದುರು ಕಿರುಚಿದೆ.

ತಂಡ ಸೋತು ಬಸ್ಸಿನಲ್ಲಿ ಬರುವಾಗ ಟೀಚರ್ ಪಕ್ಕದಲ್ಲಿ ಕೂತು, ನನ್ನ ಮೊಣಕಾಲಿಗೆ ಐಸ್ ಒತ್ತುತ್ತ ಹೇಳಿದರು: "ಜವಳಗೇರಾದ ಸಾವಿತ್ರಿ ಅಂತ ಮೊದಲಿನ ತಂಡದಾಗಿದ್ಳು, ನಿನಗಿಂತ ಚಲೋ ಓಡ್ತಿದ್ಳು. ಕಾಲು ಉಳುಕಿದಾಗ ನನ್ನ ಮನ್ಯಾಗಿನ ನೋವಿನ ಗುಳಿಗಿ ನಾನ ಕೊಟ್ಟೆ. ಕಪ್ ಬಂತು. ನೋವು ಹೋತು, ಗುಳಿಗಿ ಬಿಡಾಕ ಆಗಲಿಲ್ಲ. ಮನಿಮನಿಗೆ ಬೇಡಾಕ ಹೊಂಟ್ಳು. ದವಾಖಾನ್ಯಾಗ ಇಟ್ಟು ಬಿಡಿಸ್ಯಾರ. ಈಗ ಮೈದಾನ ಕಂಡ್ರ ಮುಖ ತಿರುವ್ತಾಳ."

ಇಟ್ಟ ಅಡ್ಡಹೆಸರು ನೆನೆದು ನನಗೆ ನಾಚಿಕೆಯಾಯಿತು. ಮರುದಿನ ತಾವೇ ಡಾಕ್ಟರ ಬಳಿ ಕರೆದೊಯ್ದರು. ಬರೆದಷ್ಟೇ ಗುಳಿಗೆ, ಅದೂ ಅವ್ವನ ಕೈಯಿಂದ. ಆಮೇಲೆ ಕಾಲು ವಾಸಿಯಾಗುವವರೆಗೆ ಬರೀ ವ್ಯಾಯಾಮ. ನಾನು ಮತ್ತೆ ಆಡಿದೆ.

ನಿವೃತ್ತರಾದ ಮೇಲೆ ಅವರು ಮಸ್ಕಿಯಲ್ಲಿದ್ದರು. ಒಮ್ಮೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಮಸ್ಕರಿಸಿದೆ; ಅಂಗೈ ಬಂತು. ನಗುತ್ತ ನನ್ನ ಖಾಲಿ ಕೈ ಅದರಲ್ಲಿಟ್ಟೆ. ಅವರು ನಗಲಿಲ್ಲ.

"ಎಲ್ಲಿಗೆ ಹೊಂಟೀರ್ರಿ ಟೀಚರ್?"

"ಜವಳಗೇರಾಕ್ಕ. ಸಾವಿತ್ರಿ ಮುಂದ ತಪ್ಪಾತು ಅನಬೇಕಂತ ಇಲ್ಲಿತನ ಬರ್ತೀನವ್ವ. ಬಸ್ ಹತ್ತಾಕ ಧೈರ್ಯ ಆಗವಲ್ದು."

ಸಿಂಧನೂರಿನ ಬಸ್ಸು ಬಂತು; ಜವಳಗೇರಾಕ್ಕೂ ಅದೇ ದಾರಿ. ಜನರ ಜೊತೆ ನುಗ್ಗಿ, ಅವರಿಗೂ ಸೀಟು ಹಿಡಿದು, ಕಿಟಕಿಯಿಂದ ಕರೆದೆ: "ಬರ್ರಿ, ನಾನೂ ಬರ್ತೀನಿ." ತಲೆ ಅಲ್ಲಾಡಿಸಿ ಅಲ್ಲೇ ನಿಂತರು. ಇಳಿದು ಕೈಹಿಡಿದು ಹತ್ತಿಸಬೇಕಿತ್ತು. ಸೀಟು ಹೋದೀತೆಂದು ಕೂತೇ ಇದ್ದೆ; ಬಸ್ಸು ಹೊರಟುಬಿಟ್ಟಿತು. ಆ ವರ್ಷದ ಮಳೆಗಾಲದಲ್ಲೇ ಟೀಚರ್ ತೀರಿಕೊಂಡರು.