ಆಪಾ ಖಾಲಿ ಬಿಟ್ಟ ಪುಟಗಳು

ಕಳೆದ ತಿಂಗಳು ಕಲಬುರಗಿಯಲ್ಲಿ ಹಾಸ್ಟೆಲ್ ಸಿಬ್ಬಂದಿಯ ತರಬೇತಿ ಶಿಬಿರವೊಂದರಲ್ಲಿ ಪಾಠ ಮಾಡುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರಿಗೆ ಹಲ್ಲುನೋವಿತ್ತೆಂದು ಕಾಣುತ್ತದೆ, ಪರ್ಸಿನಿಂದ ಒಂದು ಲವಂಗ ತೆಗೆದು ದವಡೆಯಲ್ಲಿ ಒತ್ತಿಕೊಂಡರು. ಅದರ ಘಾಟು ನನ್ನವರೆಗೆ ಬಂದದ್ದೇ ತಡ, ಹೇಳುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತುಹೋಯಿತು. ಆಪಾ ಬಳಿ ಬಂದು ಕೂತಾಗಲೆಲ್ಲ ಬರುತ್ತಿದ್ದ ವಾಸನೆ ಅದು…

ಆಪಾ ಎಂದರೆ ಆಳಂದದಲ್ಲಿ ನಾನು ಪದವಿ ಓದುತ್ತಿದ್ದಾಗ ಹುಡುಗಿಯರ ಹಾಸ್ಟೆಲ್ಲಿನ ಮೇಲ್ವಿಚಾರಕಿ. ಅಫಜಲಪುರದ ಕಡೆಯವರು, ಪಿಯುಸಿವರೆಗೆ ಓದಿದವರು. ಜಾತಿ ಧರ್ಮದ ಲೆಕ್ಕವಿಲ್ಲದೆ ನಾವೆಲ್ಲ ಅವರನ್ನು ಅಕ್ಕ ಎಂಬರ್ಥದ ಆ ಉರ್ದು ಮಾತಿನಿಂದಲೇ ಕರೆಯುತ್ತಿದ್ದೆವು. ಶನಿವಾರ ನಾವು ಊರಿಗೆ ಹೊರಟರೆ ಮನೆ ಮುಟ್ಟಿದ ಕೂಡಲೇ ಅವರಿಗೊಂದು ಮಿಸ್ಡ್ ಕಾಲ್ ಕೊಡಬೇಕೆಂಬುದು ಕಟ್ಟಪ್ಪಣೆ. ಸರಸಂಬಾದವಳದು ಬಂತು, ಚೌಡಾಪುರದವಳದು ಬಂತು ಎಂದು ಬೆರಳು ಮಡಚುತ್ತ ಕೂರುತ್ತಿದ್ದರಂತೆ. ಕೊನೆಯವಳದು ಬರುವವರೆಗೆ ತಟ್ಟೆಯ ಮುಂದೆ ಕೂರುತ್ತಿರಲಿಲ್ಲವಂತೆ. ಇದನ್ನು ನಮಗೆ ಹೇಳಿದ್ದು ಅಡುಗೆಯಾಕೆ, ಆಪಾ ಅಲ್ಲ.

ಎರಡನೆಯ ವರ್ಷ ನನ್ನೊಳಗೆ ಏನೋ ಕೆಟ್ಟಿತು. ಕಾರಣವೆಂದು ಬೆರಳಿಟ್ಟು ತೋರಿಸುವಂಥದ್ದೇನೂ ಇರಲಿಲ್ಲ. ನಿದ್ದೆ ಹೋಯಿತು, ಊಟ ಸೇರದಾಯಿತು, ಪುಸ್ತಕದ ಅಕ್ಷರಗಳು ಅರ್ಥ ಕಳೆದುಕೊಂಡವು. ಸಂಜೆಯಾದರೆ ಹಾಸ್ಟೆಲ್ಲಿನ ಮಾಳಿಗೆಯ ಅಂಚಿಗೆ ಹೋಗಿ ಕೂರತೊಡಗಿದೆ. ಒಂದು ಸಂಜೆ ಆಪಾ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು.

“ಏನ್ ಬೇ, ಇಲ್ಲಿ ಗಾಳಿ ಭಾಳ ಛಲೋ ಬರ್ತದೇನು? ಸರಿ ಅತ್ಲಾಗ, ನನಗೂ ಜರಾ ಜಾಗಾ ಕೊಡು.”

ಕೂತವರು ಮುಖದ ಬೆವರೊರೆಸಿಕೊಂಡರು. ಆಮೇಲೆ, “ಗುರುವಾರ ಕಲಬುರಗಿಗೆ ಹೋಗೂಣು. ಮನಸಿನ ಡಾಕ್ಟರ್ ಒಬ್ಬಾಕಿ ಅದಾಳ. ನಿಮ್ಮ ಮನಿಗಿ ಕಣ್ಣಿಗೆ ತೋರ್ಸಾಕತ್ತೀವಿ ಅಂತ ಹೇಳ್ತೇನಿ,” ಎಂದರು.

“ಯಾರಿಗರೆ ಗೊತ್ತಾದ್ರ, ಆಪಾ?”

“ನಿನಗ ಗೊತ್ತು, ನನಗ ಗೊತ್ತು, ಡಾಕ್ಟರಿಗಿ ಗೊತ್ತು. ಮತ್ತೊಬ್ಬರಿಗಿ ಗೊತ್ತಾದ್ರ ನನ್ನ ಆಪಾ ಅಂತ ಕರೀಬ್ಯಾಡ.”

ಇಜೇರಿಯ ನಮ್ಮ ಮನೆಗೆ ಫೋನು ಮಾಡಿ ಸುಳ್ಳು ಹೇಳಿದ್ದೂ ಅವರೇ. ಅಪ್ಪ ಗಾಬರಿಯಾದ. “ಓದಿ ಓದಿ ಕಣ್ಣು ಜರಾ ಸುಸ್ತ್ ಆಗ್ಯಾವ್ರಿ ಅಣ್ಣಾ, ಫಿಕರ್ ಮಾಡಬ್ಯಾಡ್ರಿ,” ಎಂದು ಸಮಾಧಾನ ಹೇಳಿದರು. ಅಪ್ಪನಿಗೆ ಸಮಾಧಾನವಾಗಲಿಲ್ಲವೇನೋ, ಕಣ್ಣಿಗೆ ಒಳ್ಳೆಯದೆಂದು ಯಾರ ಕೈಯಲ್ಲೋ ಒಂದು ಚೀಲ ಗಜ್ಜರಿ ಕಳಿಸಿದ. ಚೀಲ ಬಿಚ್ಚಿದ ಆಪಾ ನಕ್ಕು ನಕ್ಕು ಕೆಮ್ಮಿದರು. “ತಿನ್ ಬೇ. ಗಜ್ಜರಿಗೇನ್ ಗೊತ್ತು ಕಣ್ಣ್ ಯಾವ್ದು, ಮನಸ್ ಯಾವ್ದು? ಹೊಟ್ಟಿಗೆ ಹೋದ್ರ ಎಲ್ಲಾ ಕಡೀಗೂ ಹತ್ತತದ.” ಎಷ್ಟೋ ದಿನಗಳ ಮೇಲೆ ನಾನು ನಕ್ಕದ್ದು ಅಂದು.

ಹನ್ನೊಂದು ಗುರುವಾರ ಅವರು ನನ್ನೊಂದಿಗೆ ಬಸ್ಸಿನಲ್ಲಿ ಬಂದರು. ನಾನು ಒಳಗೆ ವೈದ್ಯರ ಮುಂದೆ ಅಳುತ್ತಿದ್ದರೆ ಹೊರಗಿನ ಬೆಂಚಿನಲ್ಲಿ ತಸಬಿಯ ಜಪಮಣಿ ಎಣಿಸುತ್ತ ಕೂತಿರುತ್ತಿದ್ದರು. ನಾನು ಪರೀಕ್ಷೆ ಬರೆದೆ, ಪಾಸಾದೆ, ವಿಶ್ವವಿದ್ಯಾಲಯಕ್ಕೆ ಹೋದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದೆ.

ಅಲ್ಲಿ ನನಗೆ ಮಾತು ಬಂತು, ಸಿಟ್ಟೂ ಬಂತು. ತರಗತಿಯ ಹೊರಗೆ ವಿದ್ಯಾರ್ಥಿಗಳ ಬದುಕನ್ನು ನೋಡಿಕೊಳ್ಳುವವರಿಗೆ ತರಬೇತಿಯೂ ಇಲ್ಲ, ಹೊಣೆಯೂ ಇಲ್ಲ. ಪಾಠ ಹೇಳುವವರಿಗೆ ಅರ್ಹತೆ ಬೇಕೆನ್ನುವ ನಾವು, ಜ್ವರದಲ್ಲಿ ನರಳುವ ಹುಡುಗಿಯನ್ನು ನಾಟಕವಾಡುತ್ತಾಳೆಂದು ಕೋಣೆಗೆ ಅಟ್ಟುವ ವಾರ್ಡನ್ನನ್ನು ಏಕೆ ಪ್ರಶ್ನಿಸುವುದಿಲ್ಲ? ಹೀಗೆಂದು ಲೇಖನ ಬರೆದೆ, ಮನವಿಗಳಿಗೆ ಸಹಿ ಸಂಗ್ರಹಿಸಿದೆ. ಹಾಸ್ಟೆಲ್ ನೋಡಿಕೊಳ್ಳುವವರಿಗೆಂದು ಹೊಸದಾಗಿ ಬಂದ ವೃತ್ತಿ ಪ್ರಮಾಣಪತ್ರದ ಪರೀಕ್ಷೆಗೆ ಕೂತ ಮೊದಲ ತಂಡದಲ್ಲಿ ನಾನೂ ಇದ್ದೆ. ಆ ಸಿಟ್ಟು ಇಂದಿಗೂ ನನಗೆ ತಪ್ಪೆನಿಸುವುದಿಲ್ಲ. ತಪ್ಪು ನಡೆದದ್ದು ಮುಂದೆ.

ನಾನು ಓದಿದ ಕಾಲೇಜಿನ ಆಡಳಿತ ಮಂಡಳಿಯೂ ಹಾಸ್ಟೆಲ್ ಸಿಬ್ಬಂದಿಗೆ ಈ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಹಳಬರನ್ನು ಪರಿಶೀಲಿಸಲು ಮೂವರ ಸಮಿತಿ ನೇಮಿಸಿತು. ನಿವೃತ್ತ ಪ್ರಾಚಾರ್ಯರೊಬ್ಬರು ಅಧ್ಯಕ್ಷರು, ಮಂಡಳಿಯ ಅಧಿಕಾರಿಯೊಬ್ಬರು, ಪ್ರಮಾಣಪತ್ರ ಪಡೆದ ತಜ್ಞೆಯೆಂದು ನಾನು. ಅಭ್ಯರ್ಥಿಗಳು ತಮ್ಮ ಕೆಲಸಕ್ಕೆ ಪುರಾವೆಯ ಕಡತ ಒಪ್ಪಿಸಬೇಕಿತ್ತು: ಯಾವ ವಿದ್ಯಾರ್ಥಿನಿ, ಯಾವ ಸಮಸ್ಯೆ, ಕೊಟ್ಟ ನೆರವೇನು, ಕೆಳಗೆ ಅವಳ ಸಹಿ.

ಆಪಾ ತಂದ ಕಡತದಲ್ಲಿ ಆ ಪುಟಗಳೆಲ್ಲ ಖಾಲಿ ಇದ್ದವು.

“ಇಷ್ಟ್ ವರ್ಷದಾಗ ಒಬ್ಬ ಹುಡುಗಿಗೂ ಸಮಸ್ಯೆ ಬಂದಿಲ್ಲೇನ್ರಿ?” ಎಂದರು ಅಧ್ಯಕ್ಷರು.

“ಬಂದಾವ್ರಿ ಸಾಹೇಬ್ರ. ನಾ ಬರ್ದಿಟ್ಟಿಲ್ಲ. ಬರ್ದಿಟ್ಟಿದ್ದು ಎಂದಾದ್ರೂ ಒಂದಿನ ಯಾರರೆ ಓದ್ತಾರ್ರಿ. ನಾಳಿ ಆ ಹುಡುಗಿನ ನೋಡ್ಲಿಕ್ಕಿ ಬಂದ ಬೀಗರೇ ಓದಿದ್ರ?”

ಅಧಿಕಾರಿ ಹಾಸ್ಟೆಲ್ಲಿನ ಹಳೆಯ ಹೊರಹೋಗುವ ರಿಜಿಸ್ಟರ್ ತಿರುವಿ ಹಾಕುತ್ತಿದ್ದರು. “ಇಲ್ನೋಡ್ರಿ, ಹನ್ನೊಂದ್ ಗುರುವಾರ ಕಣ್ಣಿನ ದವಾಖಾನಿ. ‘ನಾನು ಮತ್ತು ಒಬ್ಬ ವಿದ್ಯಾರ್ಥಿನಿ’ ಅಂತದ. ಹೆಸರಿಲ್ಲ, ಚೀಟಿ ಇಲ್ಲ. ಪ್ಯಾಟಿ ತಿರಗ್ಲಿಕ್ಕಿ ಹೋಗಿದ್ರೇನ್ರಿ ಆಪಾ?” ಎಂದು ತಾವೇ ನಕ್ಕರು.

“ಯಾರಿದ್ಲ್ರಿ ಆಕಿ?” ಅಧ್ಯಕ್ಷರು ಕೇಳಿದರು.

ಆಪಾ ನನ್ನ ಕಡೆ ನೋಡಲಿಲ್ಲ. ತಪ್ಪಿಯೂ ನೋಡಲಿಲ್ಲ. ಮೇಜಿನ ಅಂಚನ್ನೇ ನೋಡುತ್ತ, “ನೆನಪಿಲ್ರಿ,” ಎಂದರು.

ಆ ಕೋಣೆಯಲ್ಲಿ ಅವರ ಕೆಲಸ ಉಳಿಸಲು ಎರಡೇ ಪದ ಸಾಕಿತ್ತು: “ಅವಳು ನಾನೇ.” ಅದು ನನ್ನ ನಾಲಿಗೆಯ ಮೇಲೆಯೇ ಇತ್ತು… ಆದರೆ ಮನೋವೈದ್ಯರ ಬಳಿ ಹೋದವಳು ಇನ್ನೊಬ್ಬರಿಗೇನು ಬುದ್ಧಿ ಹೇಳುತ್ತಾಳೆಂದು ಅಧಿಕಾರಿ ನಗುವುದು ಕಣ್ಣೆದುರು ಬಂತು. ಹೊಸ ಕುರ್ಚಿ, ಹೊಸ ಗೌರವ. ಎಲ್ಲರ ಹೊಣೆಗಾರಿಕೆಯನ್ನು ಗಟ್ಟಿ ದನಿಯಲ್ಲಿ ಕೇಳುತ್ತಿದ್ದ ನಾನು ಪೆನ್ನಿನ ಮುಚ್ಚಳ ತೆಗೆದು ಬರೆದೆ: “ಪುರಾವೆ ಇಲ್ಲ. ಶಿಫಾರಸು ಮಾಡಲಾಗದು.” ಮೂವರೂ ಸಹಿ ಹಾಕಿದೆವು.

ಹೊರಗೆ ಪಡಸಾಲೆಯಲ್ಲಿ ಆಪಾ ಚಪ್ಪಲಿ ಮೆಟ್ಟುತ್ತಿದ್ದರು. ತಲೆ ತಗ್ಗಿಸಿ ದಾಟಿಹೋಗಲು ನೋಡಿದೆ. ಬಿಡಲಿಲ್ಲ.

“ಭಾಳ ದೊಡ್ಡಾಕಿ ಆಗೀ ಬೇ, ಖುಷಿ ಆಯ್ತು. ಕಣ್ಣ್ ಹೆಂಗದಾವ ಈಗ?”

“ಛಲೋ ಅದಾವ್ರಿ ಆಪಾ,” ಎಂದೆ.

ತಿಂಗಳೊಪ್ಪತ್ತಿನಲ್ಲಿ ಅವರನ್ನು ಕೆಲಸದಿಂದ ಬಿಡುಗಡೆ ಮಾಡಿದರು. ಅವರು ಅಫಜಲಪುರದಲ್ಲಿ ತಮ್ಮನ ಮನೆಗೆ ಹೋದರೆಂದು ತಿಳಿಯಿತು. ನಿಜ ಒಪ್ಪಿಕೊಂಡು ಆಡಳಿತ ಮಂಡಳಿಗೆ ಪತ್ರವೊಂದನ್ನು ಬರೆದೆ, ತಿದ್ದಿದೆ, ಮತ್ತೆ ತಿದ್ದಿದೆ. ಕಳಿಸಲಿಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಅಫಜಲಪುರದ ಬಸ್ಸು ಹತ್ತಿದೆ. ಬಾಗಿಲು ತೆರೆದ ಅವರ ತಮ್ಮನ ಹೆಂಡತಿ ನನ್ನ ಮುಖ ನೋಡಿಯೇ ಒಳಗೆ ಕರೆದರು.

“ಆಪಾ ಹೋಗಿ ನಾಕ್ ತಿಂಗಳಾತ್ರಿ. ನೀವೂ ಹಾಸ್ಟೆಲ್ ಹುಡುಗೀನೇ ಏನ್ರಿ? ಭಾಳ ಮಂದಿ ಬರ್ತಾರ. ಕೂಡ್ತಾರ, ಅಳ್ತಾರ, ಚಾ ಕುಡ್ದು ಹೋಗ್ತಾರ. ಯಾಕ್ ಅಳಾಕತ್ತಾರ ಅಂತ ಒಬ್ಬರೂ ಹೇಳಂಗಿಲ್ರಿ.”

ನಾನೂ ಕೂತೆ, ಅತ್ತೆ, ಚಹಾ ಕುಡಿದೆ. ಹೇಳದೆಯೇ ಎದ್ದು ಬಂದೆ…

ಕಳೆದ ತಿಂಗಳ ಶಿಬಿರದಲ್ಲಿ, ಮಾತು ನಿಲ್ಲಿಸಿ ನಿಂತಿದ್ದ ನನ್ನನ್ನು ಜೇವರ್ಗಿಯಿಂದ ಬಂದಿದ್ದ ಯುವತಿಯೊಬ್ಬಳು ಎಚ್ಚರಿಸಿದಳು: “ಮೇಡಂ, ಹುಡುಗಿ ತನ್ನ ಮಾತು ಬರೀಬ್ಯಾಡ್ರಿ ಅಂದ್ರ ಏನ್ ಮಾಡಬೇಕ್ರಿ? ಬರೀದಿದ್ರ ನಮಗ ಸರ್ಟಿಫಿಕೇಟ್ ಸಿಗಂಗಿಲ್ಲಲ್ರಿ?”

ನಿಯಮಾವಳಿಯಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಗೊತ್ತಿದ್ದವರನ್ನು ನಾವು ಮನೆಗೆ ಕಳಿಸಿದ್ದೆವು. ಅಷ್ಟೂ ಜನರೆದುರು ಮಾಳಿಗೆಯಿಂದ ಹಿಡಿದು ನನ್ನ ಸಹಿಯವರೆಗೆ ಎಲ್ಲವನ್ನೂ ಹೇಳಿದೆ. ಕಾಯಿಲೆಗೆ ಖಿನ್ನತೆಯೆಂಬ ಅದರ ಹೆಸರನ್ನೇ ಬಳಸಿದೆ. ಯಾರೂ ನಗಲಿಲ್ಲ.

ಮರುದಿನ ಅದನ್ನೇ ಬರೆದು ಆಡಳಿತ ಮಂಡಳಿಯ ಕಚೇರಿಗೆ ಒಯ್ದೆ. ಹುಡುಗಿಯರ ಹೆಸರು, ಸಹಿ ಕೇಳುವ ಪುಟಗಳನ್ನು ಕೈಬಿಡಬೇಕು, ಆ ಮಹಿಳೆಯನ್ನು ಅನರ್ಹಗೊಳಿಸಿದ್ದು ತಪ್ಪೆಂದು ದಾಖಲಿಸಬೇಕು, ಅದರಲ್ಲಿ ನನ್ನ ಪಾಲಿಗೆ ನಾನು ಉತ್ತರಿಸಲು ಸಿದ್ಧಳಿದ್ದೇನೆ ಎಂದು ಬರೆದಿದ್ದೆ. ಗುಮಾಸ್ತರು ನಿಧಾನವಾಗಿ ಓದಿದರು. ಹಳೆಯ ಕಡತ ಹುಡುಕಿ ತಂದರು.

“ಆಪಾನೇ ಇಲ್ಲಲ್ರಿ ಮೇಡಂ,” ಎಂದರು ಮೆತ್ತಗೆ. “ಈಗ ಇದನ್ನ ಯಾರ ಸಲುವಾಗಿ ಇಡ್ಲಿ?”

ಇಡಿ ಎಂದಷ್ಟೇ ಹೇಳಿದೆ. ಅವರು ಕಡತದ ಕಟ್ಟು ಬಿಚ್ಚಿ ನನ್ನ ಪತ್ರವನ್ನು ಒಳಗಿಟ್ಟು ಮತ್ತೆ ಕಟ್ಟುವವರೆಗೆ ಅಲ್ಲೇ ನಿಂತಿದ್ದೆ.