ಎಂಬತ್ತನೆಯ ಪುಟದ ಆಚೆ

ಆ ಕಾದಂಬರಿಯನ್ನು ನಾನು ಓದಿ ಮುಗಿಸಿರಲಿಲ್ಲ. ಎಂಬತ್ತನೆಯ ಪುಟಕ್ಕೆ ನಿಲ್ಲಿಸಿದ್ದೆ. ಆದರೂ ಅದರ ಬಗ್ಗೆ ನನ್ನದೆಂದು ಒಂದು ಅಭಿಪ್ರಾಯವನ್ನು ನಮ್ಮ ಓದುಗರ ಬಳಗದ ಸಭೆಯಲ್ಲಿ ಓದಿಸಿಕೊಂಡೆ, ಆಮೇಲೆ ಇದೇ ಪತ್ರಿಕೆಯ ಇದೇ ಅಂಕಣದಲ್ಲಿ ಹೆಸರು ಹಾಕಿ ಅಚ್ಚು ಮಾಡಿಸಿದೆ. ಅದು ನನ್ನದಲ್ಲ. ತರೀಕೆರೆಯ ಜೈಬುನ್ನೀಸಾ ಅವರದು. ಕದ್ದವನು ನಾನು, ಕದ್ದರೆನ್ನಿಸಿಕೊಂಡವರು ಅವರು. ಆ ಮಾತು ಬಂದಾಗ ನಾನು ಅವರ ಎದುರಿಗೇ ಕೂತಿದ್ದೆ—ಸುಮ್ಮನೆ ಕೂತಿದ್ದೆ.

ಈ ತಿಂಗಳು ನಾನು ಬರೆಯಲು ಹೊರಟಿದ್ದು ಎಂದಿನಂತೆ ಇತ್ತೀಚೆಗೆ ಓದಿದ ಪುಸ್ತಕಗಳ ಬಗ್ಗೆ. ಬಾವಿ ತೋಡುವವರ ಕುರಿತ ಒಂದು ಪುಸ್ತಕ: ಆಳ ಅಗಲಗಳ ವಿವರವೆಲ್ಲ ಇದೆ, ಬಾವಿಗೆ ಇಳಿದವನ ಮಾತು ಒಂದೂ ಇಲ್ಲ. ಒಂದು ಕಾದಂಬರಿ: ಮೊದಲ ಅಧ್ಯಾಯವನ್ನು ಬಿಟ್ಟು ಓದಿದರೆ ಒಳ್ಳೆಯದು. ಮೂರನೆಯದು ನಿವೃತ್ತ ಅಧಿಕಾರಿಯೊಬ್ಬರ ಆತ್ಮಕಥೆ. ಅದರ ಬಗ್ಗೆ ಹೀಗೆ ಬರೆದೆ: 'ಮುನ್ನೂರು ಪುಟಗಳಲ್ಲಿ ಈ ಮನುಷ್ಯ ಒಂದು ತಪ್ಪನ್ನೂ ಮಾಡಿಲ್ಲ. ಅವರ ನೆನಪು ಅವರ ಬಳಿ ಬಹಳ ನಿಯತ್ತಿನಿಂದ ಗುಮಾಸ್ತಿಕೆ ಮಾಡಿದೆ.' ವಾಕ್ಯ ಚೆನ್ನಾಗಿ ಬಂತು ಅನ್ನಿಸಿತು. ಇನ್ನೊಮ್ಮೆ ಓದಿಕೊಂಡೆ. ಮುಂದೆ ಬರೆಯಲಾಗಲಿಲ್ಲ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ, ಆದ್ದರಿಂದ ಆ ವರ್ಷದ ಡೈರಿಯನ್ನೂ ನಮ್ಮ ಬಳಗದ ನೋಟ್‌ಬುಕ್ಕನ್ನೂ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಕಡೂರಿನ ಕಾಲೇಜಿಗೆ ಮೇಷ್ಟರಾಗಿ ಬಂದು ಎರಡು ವರ್ಷವಾಗಿತ್ತು. ಅಜ್ಜಂಪುರದಲ್ಲಿ ಪಠ್ಯಪುಸ್ತಕದ ಅಂಗಡಿ ಇಟ್ಟಿದ್ದ ಸಿದ್ದರಾಮಪ್ಪನವರು ಒಂದು ಓದುಗರ ಬಳಗ ಕಟ್ಟಿದ್ದರು. ಬಳಗವೆಂದರೆ ನಾಲ್ಕೇ ಜನ. ತಿಂಗಳಿಗೆ ಎರಡು ಪುಸ್ತಕ—ಒಂದು ಕಾದಂಬರಿ, ಒಂದು ಬೇರೆ ಏನಾದರೂ—ಜೊತೆಗೆ ಒಂದು ನೋಟ್‌ಬುಕ್ಕು, ಎಲ್ಲವನ್ನೂ ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ ಊರಿಂದೂರಿಗೆ ಕಳಿಸುತ್ತಿದ್ದೆವು. ಗಂಟು ಮೊದಲು ಕಡೂರಿನಲ್ಲಿ ನನ್ನ ಹತ್ತಿರ. ಆಮೇಲೆ ಸಿಂಗಟಗೆರೆಯ ಪಶು ಆಸ್ಪತ್ರೆಯ ಕಾಂಪೌಂಡರ್ ಪಂಚಾಕ್ಷರಿ ಸಂತೆಗೆ ಬಂದಾಗ ಒಯ್ಯುತ್ತಿದ್ದ. ಅಲ್ಲಿಂದ ತರೀಕೆರೆಗೆ, ಜೈಬುನ್ನೀಸಾ ಅವರಿಗೆ. ಕೊನೆಗೆ ಅಜ್ಜಂಪುರಕ್ಕೆ. ಸುತ್ತು ಮುಗಿಸಿ ಗಂಟು ನನಗೇ ವಾಪಸ್ಸು ಬರುತ್ತಿತ್ತು, ನಾನು ಅದನ್ನು ಸಭೆಗೆ ತರಬೇಕು.

ಜೈಬುನ್ನೀಸಾ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಮನೆಮಾತು ದಖನಿ, ಓದಿದ್ದು ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತರಾಗಿದ್ದ ಅವರ ತಂದೆ ಗಂಟನ್ನು ತಾವೇ ಸ್ಟೇಷನ್ನಿಗೆ ತಂದು, ಗುರುತಿನ ಗಾರ್ಡಿನ ಕೈಗೆ ಕೊಟ್ಟು ಕಳಿಸುತ್ತಿದ್ದರು. 'ನಮ್ಮ ಮನೆಗೆ ಪುಸ್ತಕ ಬರುವ ದಾರಿ ಇದೊಂದೇ' ಎಂದು ಜೈಬುನ್ನೀಸಾ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿದ್ದಾರೆ. ಈಗಲೂ ಕಾಣುತ್ತಿದೆ ಆ ಸಾಲು, ನನ್ನೆದುರಿಗೇ.

ಬಳಗಕ್ಕೆ ಒಂದು ಕಟ್ಟಳೆ ಇತ್ತು. ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಮೊದಲೇ ನೋಡಬಾರದು. ಬರೆದ ಹಾಳೆಯನ್ನು ಒಳಕ್ಕೆ ಮಡಚಿ, ಅಂಚಿಗೆ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ ಮುಂದಕ್ಕೆ ಕಳಿಸಬೇಕು. ಸಭೆಯಲ್ಲಿ ಎಲ್ಲರೆದುರು ಬಿಚ್ಚಬೇಕು. "ಗೋಂದು ಹಚ್ಚಿದ್ರೆ ಜಿರಲೆ ತಿಂತವೆ, ಗುಂಡುಸೂಜಿ ತುಕ್ಕು ಹಿಡೀತೈತೆ. ದಾರ ಒಂದೇ ಕಣ್ರೀ ನಂಬಿಕಸ್ತ" ಎನ್ನುತ್ತಿದ್ದರು ಸಿದ್ದರಾಮಪ್ಪ.

ಆ ತಿಂಗಳ ಕಾದಂಬರಿಯಲ್ಲಿ ಒಬ್ಬ ಕಲ್ಲುಕುಟಿಗ ಇದ್ದ. ಹೆಂಡತಿ ಮನೆ ಬಿಟ್ಟುಹೋಗಿದ್ದಾಳೆ, ಸಣ್ಣ ಮಗಳಿದ್ದಾಳೆ. ಎಂಬತ್ತನೆಯ ಪುಟಕ್ಕೆ ಬೇಸರ ಬಂತು. ಪಂಚಾಕ್ಷರಿ ಗಂಟಿಗಾಗಿ ಬಾಗಿಲಲ್ಲಿ ನಿಂತಿದ್ದ. ಓದಿಲ್ಲ ಎಂದು ಹೇಳಬಹುದಿತ್ತು. ಹೇಳುವ ಬದಲು, ಒಳಗೆ ಹೋಗಿ ಖಾಲಿ ಹಾಳೆಯನ್ನು ಮಡಚಿ, ಹೊಲಿಗೆ ಹಾಕಿ ಕೊಟ್ಟುಬಿಟ್ಟೆ. ಗಂಟು ತಿರುಗಿ ಬಂದಾಗ ಬಿಚ್ಚಿ ಬರೆದರಾಯಿತು ಎಂದು ಲೆಕ್ಕ ಹಾಕಿದ್ದೆ. ಅಲ್ಲಿಯವರೆಗೆ ಅದನ್ನು ದೊಡ್ಡ ತಪ್ಪು ಎನ್ನಲಾರೆ—ಇಲ್ಲ, ಇದೂ ನೆಪವೇ. ಖಾಲಿ ಹಾಳೆಗೆ ಹೊಲಿಗೆ ಹಾಕಿದಾಗಲೇ ಸುಳ್ಳು ಶುರುವಾಗಿತ್ತು.

ಗಂಟು ವಾಪಸ್ಸು ಬಂತು. ಪುಸ್ತಕ ನನ್ನ ಕೈಯಲ್ಲೇ ಇತ್ತು, ಸಭೆಗೆ ಇನ್ನೂ ನಾಲ್ಕು ದಿನವಿತ್ತು, ಓದಬಹುದಿತ್ತು. ನಾನು ಓದಲಿಲ್ಲ. ಜೈಬುನ್ನೀಸಾ ಅವರ ಹಾಳೆಯ ದಾರವನ್ನು ಬ್ಲೇಡಿನಿಂದ ಕತ್ತರಿಸಿದೆ. ಅವರದನ್ನೇ ಯಾಕೆ? ಅವರ ಮಾತು ಎಲ್ಲರ ಮಾತಿಗಿಂತ ಚೆನ್ನಾಗಿರುತ್ತದೆಂದು ನನಗೆ ಗೊತ್ತಿತ್ತು. ಸಭೆಯಲ್ಲಿ ಒಮ್ಮೆಯೂ ಹಾಗೆಂದು ಹೇಳಿರಲಿಲ್ಲ, ಅಷ್ಟೇ.

ಅವರು ಬರೆದದ್ದು ಇದು: 'ಈ ಪುಸ್ತಕದಲ್ಲಿ ಬಡವರು ಯಾರೂ ಸುಳ್ಳು ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ನಾವು ರೇಷನ್ ಅಂಗಡಿಯಲ್ಲಿ ಹೇಳುತ್ತೇವೆ, ಮನೆ ಮಾಲೀಕರಿಗೆ ಹೇಳುತ್ತೇವೆ. ಬ್ಲೌಸು ನಾಳೆ ಕೊಡುತ್ತೇನೆ ಎಂದು ನಾನೇ ದಿನಾ ಹೇಳುತ್ತೇನೆ. ಬಡವರಿಗೆ ಸುಳ್ಳು ಹೇಳುವಷ್ಟು ಹಕ್ಕೂ ಕೊಡದೆ ಇವರು ಅವರನ್ನು ದೇವರು ಮಾಡಿದ್ದಾರೆ. ದೂರದಿಂದ ನೋಡಿದವರು ಹೀಗೆ ಬರೆಯುತ್ತಾರೆ. ಕೊನೆಯ ಅಧ್ಯಾಯದಲ್ಲಿ ಮಾತ್ರ ಕಲ್ಲುಕುಟಿಗ ಮಗಳಿಗೆ ಒಂದು ಸುಳ್ಳು ಹೇಳುತ್ತಾನೆ. ಅಲ್ಲಿ ಮಾತ್ರ ಅವನು ಉಸಿರಾಡುತ್ತಾನೆ.'

ಇದನ್ನು ನಾನು ನನ್ನ ಕನ್ನಡಕ್ಕೆ ಏರಿಸಿದೆ. 'ಸುಳ್ಳಾಡುವ ಹಕ್ಕನ್ನೂ ನಿರಾಕರಿಸಿ ಬಡವನನ್ನು ದೈವತ್ವಕ್ಕೇರಿಸುವ ಈ ಕೃತಿ...' ಹಾಗೆ. ಕೊನೆಯ ಎರಡು ವಾಕ್ಯ ಕೈಬಿಟ್ಟೆ. ಆ ಸುಳ್ಳು ಏನೆಂದು ನನಗೆ ಗೊತ್ತಿರಲಿಲ್ಲ, ಅವರೂ ಬಿಡಿಸಿ ಬರೆದಿರಲಿಲ್ಲ. ಅದರ ಜಾಗದಲ್ಲಿ 'ಆದಿಯಿಂದ ಅಂತ್ಯದವರೆಗೆ ಈ ಕಲ್ಲುಕುಟಿಗ ಒಮ್ಮೆಯೂ ಸುಳ್ಳಾಡುವುದಿಲ್ಲ' ಎಂದು ಸೇರಿಸಿದೆ. ಬರಹಕ್ಕೆ ಬಿಗಿ ಬಂತು ಎಂದುಕೊಂಡೆ. ಎರಡೂ ಹಾಳೆಗಳನ್ನು ಮತ್ತೆ ಹೊಲಿದೆ—ಅವರದನ್ನು ಹಳೆಯ ತೂತುಗಳಲ್ಲೇ ಎಚ್ಚರದಿಂದ, ನನ್ನದನ್ನು ಅವಸರದಲ್ಲಿ.

ಇಬ್ಬರ ಮಾತೂ ಒಂದೇ ಆದರೆ ಸಭೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿದೆನೇ? ಡೈರಿ ಏನೂ ಹೇಳುವುದಿಲ್ಲ. 'ದೊಡ್ಡ ಮನಸ್ಸುಗಳು ಒಂದೇ ರೀತಿ ಯೋಚಿಸುತ್ತವೆ ಎಂದು ನಗಬಹುದು' ಎಂದುಕೊಂಡಿದ್ದೆ ಎಂದು ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ಅದು ಆಮೇಲೆ ನಾನೇ ಕಟ್ಟಿಕೊಂಡ ನೆನಪಿರಬೇಕು.

ಸಭೆ ಅಜ್ಜಂಪುರದಲ್ಲಿ, ಸಿದ್ದರಾಮಪ್ಪನವರ ಅಂಗಡಿಯ ಹಿಂದಿನ ಕೋಣೆಯಲ್ಲಿ. ಭಾನುವಾರ ಬೆಳಿಗ್ಗೆ. ಜೈಬುನ್ನೀಸಾ ಅವರ ಜೊತೆ ಬಂದ ತಂದೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಗಂಟು ಮೊದಲು ಹೋಗುವುದು ನನ್ನಲ್ಲಿಗಾದ್ದರಿಂದ ನನ್ನ ಹಾಳೆ ಮೊದಲು. ಸಿದ್ದರಾಮಪ್ಪ ಗಟ್ಟಿಯಾಗಿ ಓದಿ, "ಎಂ.ಎ. ಅಂದ್ರೆ ಎಂ.ಎ.ನೇ ಕಣ್ರಪ್ಪಾ" ಎಂದರು. ಪಂಚಾಕ್ಷರಿಯದಾಯಿತು. ಮೂರನೆಯದು ಜೈಬುನ್ನೀಸಾ ಅವರದು; ಓದುತ್ತಾ ಓದುತ್ತಾ ಸಿದ್ದರಾಮಪ್ಪನವರ ದನಿ ಇಳಿಯಿತು. ನಿಲ್ಲಿಸಿ, ನನ್ನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಸೂಜಿಯ ತೂತು ಎರಡು ಸಾಲು ಇದ್ದವು.

"ಇದನ್ನ ಯಾರೋ ಬಿಚ್ಚಿ ಮತ್ತೆ ಹೊಲ್ದವ್ರೆ" ಎಂದರು.

"ಟೈಲರಮ್ಮನ ಮನೇಗೋದ್ರೆ ಬಿಚ್ಚೋದೆಷ್ಟೊತ್ತು, ಹೊಲ್ಯೋದೆಷ್ಟೊತ್ತು ಬಿಡಿ" ಎಂದ ಪಂಚಾಕ್ಷರಿ. ಅವನದು ಬರೀ ತಮಾಷೆ. ಆದರೆ ಸಿದ್ದರಾಮಪ್ಪ ನಗಲಿಲ್ಲ.

"ಯಾಕ್ ತಾಯಿ ಹಿಂಗ್ ಮಾಡ್ದೆ? ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅಂತ ಬರೀಬೋದಿತ್ತಲ್ಲ."

ಜೈಬುನ್ನೀಸಾ ನನ್ನ ಹಾಳೆಯನ್ನು ತೆಗೆದುಕೊಂಡು ತೂತುಗಳ ಮೇಲೆ ಬೆರಳಾಡಿಸಿದರು. "ಇದು ನನ್ನ ಕೈ ಅಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಕೊನೇ ಅಧ್ಯಾಯದಲ್ಲಿ ಅವ್ನು ಮಗಳಿಗೆ ಏನ್ ಸುಳ್ಳು ಹೇಳ್ತಾನೆ, ಹೇಳಿ."

ನಾನು ಹೇಳಿದೆ: "ಈಗ ನೆನಪಿಲ್ಲ."

ಅಷ್ಟೇ. ಎರಡು ಪದ. ಸಿದ್ದರಾಮಪ್ಪ ಕೂಡ ಅಲ್ಲಿಯವರೆಗೆ ಕೊಂಚ ಅನುಮಾನದಲ್ಲಿದ್ದರು ಅನ್ನಿಸುತ್ತದೆ. ಓದಿದ ಮೇಷ್ಟ್ರಿಗೆ ಒಂದು ಅಧ್ಯಾಯ ಮರೆತಿರುವುದು ಅವರಿಗೆ ಸಹಜವಾಗಿ ಕಂಡಿತು. ಜೈಬುನ್ನೀಸಾ ಹಾಳೆಯನ್ನು ಕೆಳಗಿಟ್ಟು ಎದ್ದರು. ಹೊರಗೆ ಹೋಗಿ ತಂದೆಯನ್ನು ಎಬ್ಬಿಸಿಕೊಂಡು ಸ್ಟೇಷನ್ನಿನ ಕಡೆ ನಡೆದರು. ಬೀರೂರಿನ ಗಾಡಿಗೆ ಇನ್ನೂ ಎರಡು ತಾಸಿತ್ತು.

ಆ ದಿನದ ಡೈರಿಯಲ್ಲಿ ನಾನು ಬರೆದದ್ದು: 'ಅಜ್ಜಂಪುರ ಸಭೆ. ಮಂಡಕ್ಕಿ ಮೆಣಸಿನಕಾಯಿ ಚೆನ್ನಾಗಿತ್ತು.' ನನ್ನ ಡೈರಿಯ ಮಾತು ಇಷ್ಟು.

ಮುಂದಿನ ತಿಂಗಳ ಗಂಟು ತರೀಕೆರೆಗೆ ಹೋಗಿ ಬಂತು. ನೋಟ್‌ಬುಕ್ಕಿನಲ್ಲಿ ಅವರ ಹಾಳೆ ಮಡಚಿತ್ತು, ಅಂಚಿಗೆ ನಾಲ್ಕು ಹೊಲಿಗೆ—ಅಳೆದು ಹಾಕಿದಂಥ ಹೊಲಿಗೆ. ಸಭೆಯಲ್ಲಿ ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ. "ಸಿಟ್ಟು ಮಾಡ್ಕಂಡವ್ರೆ" ಎಂದ ಪಂಚಾಕ್ಷರಿ. ನಾನು ಕಳಿಸಿದ್ದು ಖಾಲಿ ಹಾಳೆ ಎಂದು ಅವರಿಗೆ ಗೊತ್ತಿತ್ತು. ಕಟ್ಟಳೆಯ ಪ್ರಕಾರ ಅವರು ಬಿಚ್ಚಿರಲಿಲ್ಲ, ಆದರೆ ಶಾಯಿಯಿಲ್ಲದ ಹಾಳೆಯನ್ನು ಬೆಳಕಿಗೆ ಹಿಡಿದರೆ ಬಿಚ್ಚದೆಯೂ ತಿಳಿಯುತ್ತದೆ. ಸಭೆಯಲ್ಲಿ ಅದನ್ನು ಹೇಳಬಹುದಿತ್ತು. ಹೇಳದೆ, ನನಗೊಂದು ಪ್ರಶ್ನೆ ಕೇಳಿದ್ದರು. ನಿಜ ಹೇಳಲು ನನಗೇ ಒಂದು ಅವಕಾಶ ಕೊಟ್ಟಿದ್ದರೋ ಏನೋ... ನಾನು ಅದನ್ನೂ ಕಳೆದುಕೊಂಡೆ.

ಅಲ್ಲಿಂದ ಗಂಟು ತರೀಕೆರೆಯಲ್ಲಿ ಇಳಿಯಲಿಲ್ಲ. ಒಂದು ಮನೆಗೆ ಪುಸ್ತಕ ಹೋಗುವ ದಾರಿಯನ್ನು ನಾನು ಮುಚ್ಚಿದೆ. ಅದರ ಮೇಲೆ ಈ ಅಂಕಣ ಶುರುವಾಯಿತು. ಮೊದಲ ಬರಹವಾಗಿ ಆ ಅಭಿಪ್ರಾಯವೇ ಬಂತು. ಮೆಚ್ಚಿ ಪತ್ರ ಬರೆದ ಓದುಗರಲ್ಲಿ ನೀವೂ ಇರಬಹುದು. ಆದಿಯಿಂದ ಅಂತ್ಯದವರೆಗೆ ಎಂದು ಅಚ್ಚಾದ ತಪ್ಪನ್ನು ಒಬ್ಬರೂ ಕೇಳಲಿಲ್ಲ.

ಈಗ ಸಿದ್ದರಾಮಪ್ಪ ಹತ್ತು ವರ್ಷದ ಅಂಕಣಗಳನ್ನು ಪುಸ್ತಕ ಮಾಡಲು ಹೊರಟಿದ್ದಾರೆ. ಕಳೆದ ವಾರ ಅಜ್ಜಂಪುರಕ್ಕೆ ಹೋಗಿ ಅವರ ಅಂಗಡಿಯಲ್ಲೇ ಎಲ್ಲವನ್ನೂ ಹೇಳಿದೆ.

"ಈಗ್ಯಾಕ್ ಮೇಷ್ಟ್ರೆ ಅದೆಲ್ಲ? ಯಾರಿಗೂ ನೆನಪಿಲ್ಲ ಬಿಡಿ."

"ಆ ಮಾತನ್ನ ಒಂದ್ ಸಲ ಹೇಳಿಯೇ ಹಿಂಗಾಗಿದ್ದು" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಆ ಹೆಣ್ಮಗಳನ್ನ ಅಂದಿದ್ದು ನಾನು ಕಣ್ರೀ" ಎಂದರು. "ನನ್ ಬಾಯಿಂದ ಆಡಿಸಿಬಿಟ್ರಲ್ಲ ನೀವು."

ಆ ಬರಹ ಪುಸ್ತಕದಲ್ಲಿ ಇರುವುದಿಲ್ಲ. ಅದರ ಜಾಗದಲ್ಲಿ ಜೈಬುನ್ನೀಸಾ ಅವರ ಮಾತನ್ನು ಅವರ ಹೆಸರಿನಲ್ಲಿ, ಅವರು ಒಪ್ಪಿದರೆ ಮಾತ್ರ, ಅವರು ಬರೆದ ಹಾಗೆಯೇ ಹಾಕಬೇಕು. ಒಪ್ಪದಿದ್ದರೆ ಪುಸ್ತಕವೇ ಬೇಡ. ಬರುವ ಭಾನುವಾರ ಸಿದ್ದರಾಮಪ್ಪನವರೂ ನಾನೂ ತರೀಕೆರೆಗೆ ಹೋಗುತ್ತಿದ್ದೇವೆ. ಜೈಬುನ್ನೀಸಾ ಈಗಲೂ ಅದೇ ಬೀದಿಯಲ್ಲಿ ಹೊಲಿಯುತ್ತಾರಂತೆ. ತಂದೆ ಇಲ್ಲವಂತೆ. ಅವರು ಬಾಗಿಲು ತೆಗೆಯಬೇಕೆಂದು ನಾನು ನಿರೀಕ್ಷಿಸುವುದಿಲ್ಲ. ತೆಗೆಯದಿದ್ದರೆ ಬೀದಿಯಲ್ಲೇ ನಿಂತು ಹೇಳುತ್ತೇನೆ.

ಹೋಗುವ ಮುನ್ನ ಒಂದು ಕೆಲಸ ಬಾಕಿ ಇತ್ತು. ಆ ಕಾದಂಬರಿಯನ್ನು ಹುಡುಕಿ ತಂದು, ಎಂಬತ್ತನೆಯ ಪುಟದಿಂದ ಮುಂದಕ್ಕೆ ಈ ವಾರ ಓದಿದೆ. ಕೊನೆಯ ಅಧ್ಯಾಯದಲ್ಲಿ ಮಗಳು ಅಮ್ಮನ ಕಾಗದ ಬಂತೇ ಎಂದು ಕೇಳುತ್ತಾಳೆ. ಕಲ್ಲುಕುಟಿಗನಿಗೆ ಓದು ಬಾರದು, ಕಾಗದವೂ ಬಂದಿಲ್ಲ. ಅವನು ಒಂದು ಖಾಲಿ ಹಾಳೆಯನ್ನು ಮಡಿಕೆ ಬಿಚ್ಚಿ, ಕಣ್ಣಿನ ಮುಂದೆ ಹಿಡಿದು, ಅಮ್ಮ ಬರೆದಿದ್ದಾಳೆ ಎಂದು ಓದತೊಡಗುತ್ತಾನೆ.

ಜೈಬುನ್ನೀಸಾ ಅವರೇ, ನೀವು ಕೇಳಿದ್ದಕ್ಕೆ ಉತ್ತರ ಇದು. ಆ ಸುಳ್ಳು ಅವನು ಮಗಳಿಗಾಗಿ ಹೇಳಿದ್ದು. ನಾನು ಹೇಳಿದ್ದು ನನಗಾಗಿ. ನೀವು ಹೊಲಿದು ಕಳಿಸಿದ ಆ ಹಾಳೆ ನನ್ನ ಹತ್ತಿರ ಹಾಗೇ ಇದೆ—ಅದರಲ್ಲಿ ಏನು ಬರೆದಿತ್ತೆಂದು ಓದಲು ನನಗೆ ಇಷ್ಟು ವರ್ಷ ಹಿಡಿಯಿತು.