ಚಿಲಕದಮ್ಮನ ವಿಳಾಸ

ಅವಳ ದವಡೆ ಬಲಕ್ಕೆ ವಾಲಿತ್ತು. ಗಂಡ ಸ್ಪ್ಯಾನರಿನಿಂದ ಹೊಡೆದದ್ದು. ಹೊಡೆದವನು ಹೊರಗಿನಿಂದ ಬೀಗ ಹಾಕಿಕೊಂಡು ಗ್ಯಾರೇಜಿಗೆ ಕೆಲಸಕ್ಕೆ ಹೋಗಿಬಿಟ್ಟ, ಇವಳು ಆಸ್ಪತ್ರೆ ಕಾಣಲಿಲ್ಲ, ಮುರಿದ ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು. "ನನ್ನ ಮೂಳೆಗೂ ನನ್ನ ಹಾಗೇ ಹಟ, ಯಾರಿಗೂ ಕಾಯಲಿಲ್ಲ ನೋಡು" ಎಂದು ತಾನೇ ತಮಾಷೆ ಮಾಡುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅವನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಗಂಡಂದಿರ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರನ್ನು ಗುಟ್ಟಾಗಿ ಇಟ್ಟುಕೊಳ್ಳುವ ಮನೆ ನಮ್ಮದು. ನಾನು ಅಲ್ಲಿನ ಕಂಪ್ಯೂಟರು, ಫೈಲು ನೋಡಿಕೊಳ್ಳುವವಳು. ಅವಳೂ ಹಾಗೆ ಓಡಿಬಂದವಳೇ, ಆಮೇಲೆ ಮೇಲ್ವಿಚಾರಕಿಯಾಗಿ ಅಲ್ಲೇ ನಿಂತಳು. ದಿನಾ ಸಂಜೆ ಒಂದೊಂದು ಬಾಗಿಲಿನ ಚಿಲಕವನ್ನೂ ಎಳೆದು ನೋಡುತ್ತಿದ್ದಳು. ಬಚ್ಚಲುಮನೆಯೊಳಗೆ ಯಾರಾದರೂ ಇದ್ದರೂ ಬಿಡುತ್ತಿರಲಿಲ್ಲ. ಮುಂಬಾಗಿಲಿಗೆ ಚಿಲಕ ಸಾಲದೆಂದು ಅಡ್ಡಕ್ಕೆ ಕಬ್ಬಿಣದ ಅಗಳಿ ಮಾಡಿಸಿದ್ದಳು, ಅದನ್ನು ಎತ್ತಿ ಹಾಕಲು ನನಗೆ ಎರಡು ಕೈ ಬೇಕು, ಅವಳಿಗೆ ಒಂದೇ ಸಾಕು. ಮನೆಯ ಮಕ್ಕಳು ಅವಳಿಗೆ ಚಿಲಕದಮ್ಮ ಎಂದು ಹೆಸರಿಟ್ಟಿದ್ದವು.

ಒಂದು ಸಲ ಯಾರೋ ನಮ್ಮ ಕಂಪ್ಯೂಟರಿಗೆ ಕನ್ನ ಹಾಕಿದರು. ಹೆಂಗಸರ ಹೆಸರು, ಅವರಿರುವ ಈ ಮನೆಯ ವಿಳಾಸ, ಅವರ ಕೆಲಸದ ಜಾಗ, ಮಕ್ಕಳ ಶಾಲೆ, ಎಲ್ಲ ಇದ್ದ ಫೈಲನ್ನು ನಕಲು ಮಾಡಿಕೊಂಡು ಹೋದರು. ಪರಿಶೀಲನೆಗೆ ಬಂದವರು ಸಮಾಧಾನ ಹೇಳಿದರು: ಫೈಲಿಗೆ ಗೂಢಲಿಪಿಯ ಬೀಗ ಇದೆ, ಅದನ್ನು ಒಡೆಯಲು ಈಗಿನ ಕಂಪ್ಯೂಟರುಗಳಿಗೆ ಯುಗಯುಗ ಬೇಕು, ಕಳ್ಳರ ಕೈಗೆ ಸಿಕ್ಕಿರುವುದು ಬರೀ ಕಸ. ನಾವು ನಿಟ್ಟುಸಿರು ಬಿಟ್ಟು ಅದನ್ನು ಮರೆತೆವು.

ಮರುವರ್ಷ ಊರಿನ ವ್ಯಾಪಾರಿಗಳು, ಬ್ಯಾಂಕಿನವರು, ಆಸ್ಪತ್ರೆಯವರನ್ನೆಲ್ಲ ಸೇರಿಸಿ ಒಂದು ತರಬೇತಿ ನಡೆಸಿದರು. ಕ್ವಾಂಟಮ್ ಯಂತ್ರಗಳೆಂಬ ಹೊಸ ಬಗೆಯ ಕಂಪ್ಯೂಟರುಗಳು ಬರುತ್ತಿವೆ, ನೀವೆಲ್ಲ ತಯಾರಾಗಬೇಕು ಎಂಬುದು ವಿಷಯ. ನಮ್ಮ ಸಂಸ್ಥೆಯ ಅಧ್ಯಕ್ಷರಿಗೆ ಚಪ್ಪಲಿ ಕಾರ್ಖಾನೆ ಇತ್ತು, ಅವರ ಜೊತೆ ನಾವಿಬ್ಬರೂ ಹೋದೆವು. ಚಿಲಕದಮ್ಮ ಬಂದದ್ದು ಊಟಕ್ಕೆ. ಅದನ್ನವಳು ಮುಚ್ಚಿಡಲೂ ಇಲ್ಲ.

ಪಾಠ ಹೇಳಿದವಳು ಚಿಕ್ಕ ವಯಸ್ಸಿನ ಎಂಜಿನಿಯರ್. ಹೊಸ ಯಂತ್ರ ಬಂದ ಮೇಲೆ ಈಗಿನ ಬೀಗಗಳಲ್ಲಿ ಬಹಳಷ್ಟು ನಿಲ್ಲುವುದಿಲ್ಲ, ಅದಕ್ಕೇ ಕಳ್ಳರು ಇವತ್ತು ತೆರೆಯಲಾಗದ ಫೈಲುಗಳನ್ನೂ ಕದ್ದು ಇಟ್ಟುಕೊಳ್ಳುತ್ತಿದ್ದಾರೆ, ಒಂದಲ್ಲ ಒಂದು ದಿನ ತೆರೆಯುತ್ತಾರೆ ಎಂದಳು. ಯಾವುದಕ್ಕೆ ಮೊದಲು ಹೊಸ ಬೀಗ ಹಾಕಬೇಕೆಂದು ತೀರ್ಮಾನಿಸಲು ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತ ಬಂದಳು. "ನಿಮ್ಮ ಗುಟ್ಟು ಎಲ್ಲಿವರೆಗೆ ಗುಟ್ಟಾಗಿರಬೇಕು?"

ಬ್ಯಾಂಕಿನವನು ಕಾರ್ಡಿನ ಅವಧಿ ಮುಗಿಯುವವರೆಗೆ ಎಂದ. ನಮ್ಮ ಅಧ್ಯಕ್ಷರು, ಹೊಸ ಚಪ್ಪಲಿಯ ವಿನ್ಯಾಸ ಅಂಗಡಿಗೆ ಬರುವವರೆಗೆ ಎಂದರು. ಚಿಲಕದಮ್ಮ ಬಾಯಲ್ಲಿದ್ದ ಬಿಸ್ಕತ್ತು ನುಂಗಿ, "ಅವನು ಸಾಯೋವರೆಗೆ" ಎಂದಳು.

ಸಭೆ ಗೊಳ್ಳೆಂದು ನಕ್ಕಿತು. ಎಂಜಿನಿಯರ್ ಹುಡುಗಿ ನಗಲಿಲ್ಲ.

ಊಟದ ಹೊತ್ತಿಗೆ ಚಿಲಕದಮ್ಮ ಅವಳ ಪಕ್ಕ ಹೋಗಿ ಕೂತಳು. "ಅಲ್ಲಮ್ಮಾ, ನಮ್ಮದನ್ನ ಹೋದ ವರ್ಷವೇ ಕದ್ದಿದ್ದಾರಲ್ಲ, ಈಗ ಹೊಸ ಬೀಗ ಹಾಕಿದ್ರೆ ಅದಕ್ಕೂ ಬೀಳುತ್ತಾ?"

"ಇಲ್ಲಮ್ಮ. ಅವರ ಹತ್ರ ಇರೋ ನಕಲಿಗೆ ಹಳೇ ಬೀಗವೇ. ಅದಕ್ಕೆ ಯಾರೂ ಏನೂ ಮಾಡಕ್ಕಾಗಲ್ಲ."

"ಯಾವಾಗ ಒಡೀತಾರೆ?"

"ನಂಗೆ ಗೊತ್ತಿಲ್ಲ. ಐದು ವರ್ಷಕ್ಕೂ ಆಗಬಹುದು, ಹದಿನೈದು ವರ್ಷಕ್ಕೂ ಆಗಬಹುದು."

ಚಿಲಕದಮ್ಮ ತಟ್ಟೆ ಪಕ್ಕಕ್ಕಿಟ್ಟಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೊಂದು ಮಾತು ಹೇಳಿದಳು. ಮೊದಲ ಸಲ ಅವಳು ಓಡಿಹೋಗಿದ್ದು ತಂಗಿ ಮನೆಗೆ. ಗಂಡ ಗಲಾಟೆ ಮಾಡಲಿಲ್ಲ. ಆ ಬೀದಿಯ ಗ್ಯಾರೇಜಿನಲ್ಲೇ ಕೆಲಸಕ್ಕೆ ಸೇರಿ, ಇವಳು ಒಬ್ಬಳೇ ಹೊರಗೆ ಬರುವವರೆಗೆ ಕಾದ. ಸಿಕ್ಕ ದಿನ ತಲೆಯನ್ನು ಗೋಡೆಗೆ ಎಷ್ಟು ಬಡಿದನೆಂದರೆ ಎಡಗಿವಿ ಅವತ್ತೇ ಹೋಯಿತು. "ಇವತ್ತು ಆಗಲಿಲ್ಲ ಅಂದ್ರೆ ನಾಳೆ ಅನ್ನೋರು ಹೇಗಿರ್ತಾರೆ ಅಂತ ನಂಗೆ ಚೆನ್ನಾಗಿ ಗೊತ್ತು ಕಣೇ" ಎಂದಳು.

ಮರುದಿನದಿಂದ ಅಧ್ಯಕ್ಷರ ತಲೆ ತಿನ್ನಲು ಶುರು. "ಹೊಸ ಬೀಗ ಹಾಕಿಸ್ತೀವಲ್ಲಮ್ಮ, ಇನ್ನೇನು?" ಎಂದು ಅವರು ಕೈಮುಗಿದರು. ಪಾಪ, ಕೆಟ್ಟವರಲ್ಲ. "ಕದ್ದಿದ್ದಕ್ಕೆ ಬೀಗ ಬದಲಾಯಿಸಕ್ಕಾಗಲ್ಲ ಅಂದ್ರೆ ಅದರೊಳಗೆ ಇರೋದನ್ನ ಸುಳ್ಳು ಮಾಡ್ಬೇಕು ಸಾರ್. ಬೇರೆ ಊರು, ಬೇರೆ ಮನೆ, ಬೇರೆ ಶಾಲೆ" ಎಂದು ಇವಳು ಪಟ್ಟು ಹಿಡಿದಳು. ಕೊನೆಗೆ ಅವರೇ ಸೋತರು.

ಹೆಂಗಸರು ಅಷ್ಟು ಸುಲಭಕ್ಕೆ ಸೋಲಲಿಲ್ಲ. ಈಗಷ್ಟೇ ಬೇರು ಬಿಟ್ಟಿದ್ದೀವಿ, ಎಂದೋ ಬರುವ ಯಂತ್ರಕ್ಕೆ ಹೆದರಿ ಮತ್ತೆ ಓಡಬೇಕಾ ಎಂದು ಚಿಲಕದಮ್ಮನನ್ನು ಉಗಿದು ಉಪ್ಪಿನಕಾಯಿ ಹಾಕಿದರು. ಹೊಲಿಗೆ ಕೆಲಸದವಳಿಗೆ ಆ ಬೀದಿಯಲ್ಲಿ ಗಿರಾಕಿಗಳು ಆಗತಾನೆ ಕೂಡಿಬಂದಿದ್ದರು. ಅವಳು ಸಿಟ್ಟಿಗೆ ಕೈಲಿದ್ದ ಕತ್ತರಿ ಎಸೆದಳು, ಅದು ಚಿಲಕದಮ್ಮನ ಕೆನ್ನೆ ಸೀಳಿಕೊಂಡು ಹೋಯಿತು. ರಕ್ತ ಕುತ್ತಿಗೆಗಿಳಿಯಿತು. ಚಿಲಕದಮ್ಮ ಕೈಯಲ್ಲಿ ಒರೆಸಿಕೊಂಡು, "ನಿನ್ನ ಗಂಡ ಎಸೆದಿದ್ರೆ ಗುರಿ ತಪ್ಪುತ್ತಿರಲಿಲ್ಲ. ಏಳು, ಗಂಟು ಕಟ್ಟು" ಎಂದಳು.

ಕೊನೆಗೆ ಎಲ್ಲರೂ ಬೇರೆ ಊರಿನ ಹೊಸ ಮನೆಗೆ ಹೋದರು. ಅವಳು ಮಾತ್ರ ಹೋಗಲಿಲ್ಲ. ಖಾಲಿ ಮನೆ ಕಂಡರೆ ಬಂದವನು ಅಕ್ಕಪಕ್ಕದವರನ್ನು ಕೇಳುತ್ತಾನೆ, ಹೋದ ದಾರಿ ಹಿಡಿಯುತ್ತಾನೆ. ಇಲ್ಲೊಬ್ಬರು ಇದ್ದು ತಪ್ಪು ದಾರಿ ತೋರಿಸಬೇಕು ಎಂಬುದು ಅವಳ ಲೆಕ್ಕ. ನಾನು ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದೆ. ವರ್ಷಗಳು ಉರುಳಿದವು, ಯಾರೂ ಬರಲಿಲ್ಲ. "ಯಂತ್ರ ಬಂತಾ ಚಿಲಕದಮ್ಮ?" ಎಂದು ಹೊಸ ಮನೆಯ ಹೆಂಗಸರು ಫೋನಿನಲ್ಲಿ ಕಿಚಾಯಿಸುತ್ತಿದ್ದರು. "ನಿಮ್ಮಪ್ಪನ ಮದುವೆಗೆ ಬರುತ್ತೆ ಬಿಡ್ರೇ" ಎಂದು ಅವಳೂ ಬಿಡುತ್ತಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಹೊಲಿಗೆಯವಳ ಗಂಡ ಬಂದ. ಗೇಟಿಗೆ ಒದ್ದು ಒಳಗೆ ನುಗ್ಗಿ, ಫೋನಿನಲ್ಲಿದ್ದ ವಿಳಾಸ ತೋರಿಸಿ, ಎಲ್ಲಿ ಅವಳು ಎಂದು ಚಿಲಕದಮ್ಮನ ಕಪಾಳಕ್ಕೆ ಬಾರಿಸಿದ. ಇವಳು ಎರಡು ಏಟು ತಿಂದು, ಹೆದರಿದವಳ ಹಾಗೆ ಅತ್ತು, ತದ್ವಿರುದ್ಧ ದಿಕ್ಕಿನ ಊರೊಂದರ ಹೆಸರು ಹೇಳಿದಳು. ಅವನು ಅಲ್ಲಿಗೇ ಹೋದ. ಅವನು ತೋರಿಸಿದ್ದನ್ನು ಇವಳು ನನಗೆ ಫೋನ್ ಮಾಡಿ ಹೇಳಿದಳು, ಅದು ನನ್ನ ಫೈಲಿನ ಸಾಲು, ಒಂದು ಅಕ್ಷರವೂ ಆಚೀಚೆ ಇರಲಿಲ್ಲ. ಬೀಗ ಒಡೆದಿತ್ತು. ಕದ್ದವರು ಒಂದೊಂದು ಸಾಲನ್ನೂ ಆಯಾ ಗಂಡಂದಿರಿಗೆ ಮಾರುತ್ತಿದ್ದಾರೆಂದು ಆಮೇಲೆ ತಿಳಿಯಿತು.

ಸುದ್ದಿ ಕೇಳಿ ಹೊಲಿಗೆಯವಳು ಫೋನಿನಲ್ಲಿ ಅತ್ತಳು. ನಾನು ಅವತ್ತೇ ಹಳೇ ಮನೆಗೆ ಓಡಿದೆ. "ಅಮ್ಮಾ, ಆ ಫೈಲಲ್ಲಿ ಮೊದಲನೇ ಸಾಲು ನಿಂದು. ಹೊರಡು."

"ನನ್ನವನು ಯಾವತ್ತೋ ಸತ್ತಿರ್ತಾನೆ ಬಿಡೇ. ಅಷ್ಟು ಕುಡಿದೋರು ಬದುಕ್ತಾರಾ?" ಎಂದಳು. ಆದರೂ ನನ್ನ ಮುಖ ನೋಡಿ ಚೀಲ ತುಂಬತೊಡಗಿದಳು. ಎಲ್ಲ ಚಿಲಕ ನೋಡಿಕೊಂಡು, ಹೊರಡಲೆಂದು ಮುಂಬಾಗಿಲ ಅಗಳಿ ಎತ್ತಿದಳು. ಅವನು ಮೆಟ್ಟಿಲ ಮೇಲೆ ನಿಂತಿದ್ದ.

ತಲೆ ಪೂರ್ತಿ ನರೆತ, ಬಡಕಲು ಮುದುಕ. ದಾರಿಯಲ್ಲಿ ಕಂಡಿದ್ದರೆ ಕೈಹಿಡಿದು ರಸ್ತೆ ದಾಟಿಸುತ್ತಿದ್ದೆ. "ಚೆನ್ನಾಗಿದ್ದೀಯಾ?" ಎಂದು ಮೆಲ್ಲಗೆ ಕೇಳುತ್ತಲೇ ಅಂಗಿಯ ತೋಳಿನೊಳಗಿಂದ ಸ್ಪ್ಯಾನರ್ ಎಳೆದ. ನಾನು ಅಡ್ಡ ಹೋದೆ. ನನ್ನ ಭುಜದ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು, ನೆಲಕ್ಕೆ ಬಿದ್ದೆ. ಅವನು ನನ್ನನ್ನು ದಾಟಿ ಹೋಗಿ ಅವಳ ಜಡೆಗೆ ಕೈಹಾಕಿ ಬಾಗಿಲ ಚೌಕಟ್ಟಿಗೆ ಬಡಿದ. ಒಂದು ಸಲ, ಇನ್ನೊಂದು ಸಲ. ಹಲ್ಲು ಉದುರಿತು. ಸ್ಪ್ಯಾನರ್ ಅವಳ ಎಡಗೈ ಮೇಲೆ ಬಿತ್ತು, ಬೆರಳುಗಳು ಜಜ್ಜಿಹೋದವು. ಅವಳು ಕೂಗಲಿಲ್ಲ. ಬಲಗೈಯಲ್ಲಿದ್ದ ಅಗಳಿಯನ್ನು ಬಿಡಲೂ ಇಲ್ಲ. ಅದನ್ನು ಬೀಸಿ ಅವನ ಮೊಣಕಾಲಿಗೆ ಕೊಟ್ಟಳು.

ಅವನು ಕುಸಿದು ಕೂತ. ಸ್ಪ್ಯಾನರ್ ದೂರ ಹೋಗಿ ಬಿತ್ತು. ಕಾಲು ಹಿಡಿದುಕೊಂಡು, ನೋವಿನಲ್ಲೂ ಹಲ್ಲು ಕಿರಿದು ಹೇಳಿದ, "ಮತ್ತೆ ಬರ್ತೀನಿ ಕಣೇ. ಎಲ್ಲಿ ಹೋದ್ರೂ ಬರ್ತೀನಿ. ನಂಗೇನು ಅವಸರ?"

ಚಿಲಕದಮ್ಮ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಗಳಿ ಎತ್ತಿ ತಲೆಗೆ ಹೊಡೆದಳು. ಅವನು ಮಗುಚಿಕೊಂಡ ಮೇಲೆ ಮತ್ತೊಮ್ಮೆ ಹೊಡೆದಳು.

ಬಿದ್ದವನಿಗೆ ಹೊಡೆಯುವುದು ಬೇಕಿತ್ತೇ ಎಂದು ನ್ಯಾಯಾಲಯದಲ್ಲಿ ಕೇಳಿದರು. ಬೇಕಿತ್ತು ಎಂದೆ. ಅಲ್ಲಿ ಅಂದದ್ದನ್ನೇ ಇಲ್ಲೂ ಅನ್ನುತ್ತೇನೆ, ಯಾರು ಏನು ಬೇಕಾದರೂ ತಿಳಿದುಕೊಳ್ಳಲಿ. ಎಂಜಿನಿಯರ್ ಹುಡುಗಿಯೂ ಬಂದು, ಕದ್ದ ಫೈಲಿನ ಬೀಗ ಹೇಗೆ ಒಡೆಯಿತು, ಅದನ್ನು ಮತ್ತೆ ಯಾಕೆ ಮುಚ್ಚಲಾಗದು ಎಂದು ವಿವರಿಸಿದಳು. ಚಿಲಕದಮ್ಮನಿಗೆ ಶಿಕ್ಷೆ ತಪ್ಪಲಿಲ್ಲ, ಕಡಿಮೆಯಾಯಿತು.

ಬಿಡುಗಡೆಯ ದಿನ ಜೈಲಿನ ಬಾಗಿಲಿಗೆ ಹೊಲಿಗೆಯವಳೂ ಬಂದಿದ್ದಳು. ಅಳುತ್ತ ಚಿಲಕದಮ್ಮನ ಕೆನ್ನೆಯ ಮೇಲಿನ ಹಳೇ ಗಾಯ ಮುಟ್ಟಿದಳು. "ಅಳಬೇಡ್ವೇ, ಗುರಿ ಕಲಿತ್ಕೋ" ಎಂದಳು ಚಿಲಕದಮ್ಮ. ಅವಳನ್ನು ಹೊಸ ಮನೆಗೇ ಮೇಲ್ವಿಚಾರಕಿ ಮಾಡಿಕೊಳ್ಳಬೇಕೆಂದು ಅಧ್ಯಕ್ಷರು ಹೇಳಿದ್ದರಿಂದ, ಅವಳ ವಿವರವನ್ನು ಹೊಸ ಬೀಗದ ಫೈಲಿಗೆ ಸೇರಿಸಲು ನಾನು ಕೂತೆ. ಗುಟ್ಟು ಎಲ್ಲಿವರೆಗೆ ಎಂದು ಅಲ್ಲಿ ಪ್ರತಿಯೊಬ್ಬರ ಮುಂದೆಯೂ ತುಂಬಬೇಕು. ಅಭ್ಯಾಸಬಲದಿಂದ ಅವಳನ್ನೂ ಕೇಳಿದೆ.

"ಸತ್ನಲ್ಲ" ಎಂದಳು. "ನನ್ನದಕ್ಕೆ ಬೀಗ ಬೇಡ."

ಸಾಯಿಸಿದ್ದಕ್ಕೆ ಅವಳಿಗೆ ಸಂತೋಷವಿಲ್ಲ. ಕೆಲವು ದಿನ ಊಟ ಬಿಟ್ಟು ಸುಮ್ಮನೆ ಕೂತಿರುತ್ತಾಳೆ. ಹೊಸ ಮನೆಯ ಗುಟ್ಟು ಉಳಿಯಬೇಕೆಂದು ತಾನು ಮಾತ್ರ ಬೇರೆ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಸಂಜೆ ಇಲ್ಲಿ ಎಲ್ಲರ ಚಿಲಕವನ್ನೂ ಎಳೆದು ನೋಡಿಯೇ ಅಲ್ಲಿಗೆ ಹೋಗುವುದು. ಆದರೆ ಬಸ್ಸಿನಲ್ಲಿ ಪಕ್ಕ ಕೂತವರು ಯಾರೇ ಆಗಲಿ, ಕೇಳಲಿ ಬಿಡಲಿ, ತನ್ನ ಬೀದಿ, ಮನೆ ನಂಬರು, ಹತ್ತಬೇಕಾದ ಮೆಟ್ಟಿಲು ಎಲ್ಲ ಬಿಡಿಸಿ ಹೇಳಿ, "ಬನ್ನಿ ಒಂದ್ಸಲ, ನಾನು ಅಲ್ಲೇ ಇರ್ತೀನಿ" ಎನ್ನುತ್ತಾಳೆ.